ಕಪ್ಪಾದರೆ ಪತ್ರ

ಏಳು ಕೆರೆಯ ನೀರು ಕುಡಿದವಳು ಎಂದು
ನಿವೃತ್ತಿಯ ದಿನ ಶಾಲು ಹೊದಿಸಿ ಹೊಗಳಿದರು ಸಾಹೇಬರು.
ಸುಳ್ಳು.
ಗದಗಿನ ನೀರು ತಪಾಸಣೆ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ
ಕೆರೆ, ಬಾವಿ, ಬೋರು, ನಳ,
ಒಂದು ಹನಿ ಬಾಯಿಗೆ ಬಿಟ್ಟುಕೊಂಡವಳಲ್ಲ ನಾನು.
ಬಾಟಲಿಗೆ ಬಿಟ್ಟೆ. ಚೀಟಿ ಅಂಟಿಸಿದೆ. ಕಾದೆ.
ಕಂದು ಕಂದಾಗಿಯೇ ಉಳಿದರೆ ಊರು ಬಚಾವು,
ಕಪ್ಪಾದರೆ ಪತ್ರ.

ಅಂಥ ಮೂರು ಬಾಟಲಿ, ಹೆಬ್ಬೆರಳಿನಷ್ಟುದ್ದದವು,
ಇಳಕಲ್ ಸೀರೆಯ ಮಡಿಕೆಯಲ್ಲಿ ಸುತ್ತಿ ತಂದಿದ್ದೆ.
ಅಡಿಲೇಡಿನಲ್ಲಿ ಕಸ್ಟಮ್ಸ್ ಹುಡುಗ ಶೇಂಗಾ ಚಟ್ನಿಪುಡಿಯನ್ನು ಬಿಟ್ಟ,
ಇವನ್ನು ಬೆಳಕಿಗೆ ಹಿಡಿದು ಏನೆಂದು ಕೇಳಿದ.
ಅನುಮಾನ ಎನ್ನಲು ಆ ಗಳಿಗೆಗೆ ಇಂಗ್ಲಿಷು ಸಿಗಲಿಲ್ಲ.
ವಾಟರ್, ಅಂದೆ.
ಒಣ ಬಾಟಲಿ ಅಲುಗಿಸಿ ನೋಡಿ ನಕ್ಕು ಕೊಟ್ಟ.

ಹಾಕರ್ ಎಂಬ ಊರು. ನಾಲ್ಕು ಬೀದಿ, ಒಂದು ಪೆಟ್ರೋಲ್ ಬಂಕು,
ಸಂಜೆಗೆ ಕೆಂಪೇರುವ ಬೋಳು ಬೆಟ್ಟ.
ನನ್ನ ನಾದಿನಿ ನೀಲಗಂಗಾ ವ್ಯಾನಿನಿಂದ ಇಳಿದವಳೇ
"ಥೇಟ್ ನಮ್ಮ ಮುಂಡರಗಿ" ಅಂದು
ಅಡುಗೆಮನೆಯ ನಳಕ್ಕೆ ಬೊಗಸೆ ಒಡ್ಡಿದಳು.

ಕೈ ಹಿಡಿದೆ.
ನಳದ ಮೇಲಿನ ಚೀಟಿ ಓದಿದೆ: ತೊಟ್ಟಿಯ ಮಳೆನೀರು, ಕುದಿಸಿ ಕುಡಿಯಿರಿ.
ಮಳೆ ಬೀಳುವುದು ಸೂರಿನ ಮೇಲೆ,
ಸೂರಿನ ಮೇಲೆ ಗುಲಾಬಿ ಎದೆಯ ನೂರು ಗಿಣಿ,
ಗಿಣಿಗೆ ಕೊಕ್ಕಷ್ಟೇ ಅಲ್ಲವಲ್ಲ ಇರುವುದು.
"ಹಕ್ಕಿ ಹೇಲು ಕಾಣದ ನೀರು ಯಾವ ಲೋಕದಾಗೈತಿ, ವೈನಿ?"
ಕುಡಿದೇಬಿಟ್ಟಳು, ಎರಡು ಬೊಗಸೆ.
ಮೂರನೆಯದನ್ನು ಮುಖಕ್ಕೆ ಎರಚಿಕೊಂಡಳು.

ಅಲ್ಲಿಂದ ನಾನು ಪೊಲೀಸು.
ಹಲ್ಲುಜ್ಜಲು ಸೀಲಿನ ಬಾಟಲಿ. ಐಸು ಬೇಡ.
ಕೊಯ್ದಿಟ್ಟ ಕಲ್ಲಂಗಡಿ ಬೇಡ, ಬಾಳೆಹಣ್ಣು ನಡೆದೀತು, ಸುಲಿದದ್ದು ನಿನ್ನ ಕೈಯಾದರೆ.
ನಿನ್ನೆಯ ಅನ್ನ ಹಬೆಯಾಡದೆ ತಟ್ಟೆಗಿಲ್ಲ.
ತೊಟ್ಟಿಯ ನೀರನ್ನು ಬಾಟಲಿಗೆ ಬಿಟ್ಟು
ಚೀಟಿ ಬರೆದೆ. ಗ್ರಾಮ: ಹಾಕರ್. ತಾಲ್ಲೂಕು:
ಪೆನ್ನು ಅಲ್ಲೇ ನಿಂತಿತು.
ಹೀಟರಿನ ಪಕ್ಕ ಇಟ್ಟು ಮಲಗಿದೆ.

ಮರುದಿನ ಸಂಜೆ ನೋಡಿದರೆ ಕಾಡಿಗೆ.
ಗೆದ್ದೆ!
ಎತ್ತಿಕೊಂಡು ನೀಲಗಂಗಾಳ ಕೋಣೆಗೆ ಓಡಬೇಕು,
ಓಡಿದ್ದು ಬೇರೆ ಕಡೆಗೆ.

ನಾನೇ. ಕುದಿಸಿದವಳು, ಸುಲಿದವಳು, ಸೀಲು ಒಡೆದವಳು.
ಬಚ್ಚಲ ಗೋಡೆಗೆ ಒರಗಿ ರಾತ್ರಿಯಿಡೀ ಲೆಕ್ಕ:
ಟೊಮ್ಯಾಟೊ ತೊಳೆದಿದ್ದೆ, ಎರಡೆರಡು ಸಲ.
ಯಾವ ನೀರಿನಲ್ಲಿ?

ಎರಡು ಬೊಗಸೆ ಕುಡಿದವಳು ಮೆಣಸಿನಕಾಯಿ ಕಡಿಯುತ್ತ ಬಂದಳು,
ಕುದಿಸಿ ಆರಿಸಿದ ಲೀಟರ್ ನೀರಿಗೆ ಆರು ಚಮಚ ಸಕ್ಕರೆ,
ಅರ್ಧ ಚಮಚ ಉಪ್ಪು, ಕದಡಿ ಕದಡಿ ಕುಡಿಸಿದಳು.
"ನೀನ ಕಲಿಸಿದ್ದು" ಅಂದಳು. ನಗಲಿಲ್ಲ,
ಅದು ಇನ್ನೂ ಕಷ್ಟವಾಯಿತು.

ಮನೆಯೊಡತಿ ಗ್ಲೆನಿಸ್ ಬಿಸ್ಕತ್ತು ಹಿಡಿದು ಬಂದಾಗ
ಕಪ್ಪು ಬಾಟಲಿ ತೋರಿಸಿ ಹೇಳಿದೆ, ಬಂದಷ್ಟು ಇಂಗ್ಲಿಷಿನಲ್ಲಿ.
ಚೀಟಿ ನಿಮಗೆ, ಅಂದಳು. ನಾವು ಮೂವತ್ತು ವರ್ಷ ಹಾಗೇ ಕುಡಿದಿದ್ದೇವೆ.
ಆಮೇಲೆ ಸುಮ್ಮನಾದಳು.
ಬಾಟಲಿಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನಿಂತಳು.
ರಜೆಗೆ ಬರುವ ಮೊಮ್ಮಗನಿಗೆ ಪ್ರತಿಸಲ ಹೊಟ್ಟೆನೋವು.
ಅಮ್ಮನ ನೆನಪಾಗಿ ಅಳುತ್ತಾನೆ ಅಂದುಕೊಂಡಿದ್ದೆ, ಅಂದಳು.

ಮೂರನೇ ದಿನ ಹೊರಟೆವು.
ಗ್ಲೆನಿಸ್ ಏಣಿಯ ಮೇಲಿದ್ದಳು, ದೋಣಿಯ ಕಸ ಬಳಿಯುತ್ತ,
ಗಿಣಿಗಳು ಪಕ್ಕದ ಮನೆಯ ಸೂರಿಗೆ ಹೋಗಿ ಕೂತು ಬೈಯುತ್ತಿದ್ದವು.
ಉಳಿದೆರಡು ಬಾಟಲಿ ಅವಳ ಮೇಜಿನ ಮೇಲಿಟ್ಟೆ.
ಅತಿಥಿಗಳ ಪುಸ್ತಕ ತೆರೆದಿತ್ತು. ಯಾರಿಗೆಂದು ಗೊತ್ತಿಲ್ಲ,
ಕೈ ತಾನೇ ಬರೆಯಿತು ಹಳೆಯ ಸಾಲನ್ನು, ಕನ್ನಡದಲ್ಲೇ:
ಸದರಿ ನೀರು ಕುದಿಸದೆ ಕುಡಿಯಲು ಯೋಗ್ಯವಲ್ಲ.
ಸಹಿ, ತಾರೀಖು.

ವ್ಯಾನು ಹತ್ತುವ ಮುನ್ನ ತಿರುಗಿ ನೋಡಿದೆ.
ನೀಲಗಂಗಾ ಅದರ ಕೆಳಗೆ ಬಗ್ಗಿ,
ನಾಲಿಗೆ ಕಚ್ಚಿಕೊಂಡು, ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದಳು:
ರುಚಿ ಇತ್ತು.